ಮೊದಲ ಸಲ ಹದ್ದಿನ ಫೋಟೋ ತೆಗೆಯುತ್ತೀರಾ? ಕಾಡು ಬಿಡಿ, ಮೀನಿನ ದಕ್ಕೆಗೆ ಹೋಗಿ

ಕ್ಯಾಮೆರಾ ಕೊಂಡ ಹೊಸದರಲ್ಲಿ ನಾನು ನೇರವಾಗಿ ಘಾಟಿ ಹತ್ತಿದೆ. ಆಗುಂಬೆ ರಸ್ತೆಯಲ್ಲಿ ಸರ್ಪ ಗಿಡುಗ ತೀರಾ ಹತ್ತಿರ ಕೂತಿರುತ್ತದೆ ಅಂತ ಯಾರೋ ಹೇಳಿದ್ದರು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಬೈಕಿನಲ್ಲಿ ತಿರುವುಗಳನ್ನೆಲ್ಲ ಹತ್ತಿ, ಮಂಜಿನಲ್ಲಿ ನಡುಗುತ್ತಾ ಮೂರು ಗಂಟೆ ಕಾದು, ಕೊನೆಗೂ ಹಕ್ಕಿ ಕಂಡಾಗ ಲೆನ್ಸಿನ ಮುಚ್ಚಳ ಇನ್ನೂ ಮುಚ್ಚಿಯೇ ಇತ್ತು. ಅದನ್ನು ತೆಗೆದು ಕ್ಲಿಕ್ ಮಾಡುವಷ್ಟರಲ್ಲಿ ಸಿಕ್ಕಿದ್ದು ಒಂದು ಕೊಂಬೆ, ಅದರ ಅಂಚಿನಲ್ಲಿ ಯಾವುದೋ ಬಾಲ. ಆ ಫೋಟೋ ಇನ್ನೂ ಇಟ್ಟುಕೊಂಡಿದ್ದೇನೆ.

ಹಾಗಾಗಿ ಬೇಟೆ ಹಕ್ಕಿಗಳ ಫೋಟೋ ಎಲ್ಲಿಂದ ಶುರು ಮಾಡಲಿ ಅಂತ ಯಾರು ಕೇಳಿದರೂ ನಾನು ಹೇಳುವುದು ಇಷ್ಟೇ: ಮೀನು ಇಳಿಸುವ ದಕ್ಕೆಗೆ ಹೋಗಿ. ನನಗೆ ಹತ್ತಿರದ್ದು ಮಲ್ಪೆ. ನಿಮಗೆ ಗಂಗೊಳ್ಳಿ, ಹೊನ್ನಾವರ, ಕಾರವಾರ, ಮಂಗಳೂರಿನ ಹಳೇ ಬಂದರು ಯಾವುದಾದರೂ ಆದೀತು. ಅಲ್ಲಿರುವುದು ಅಪರೂಪದ ಹಕ್ಕಿಯೇನಲ್ಲ. ದಿನಾ ನೋಡುವ ಹದ್ದು, ಕಂಡಾಗಲೆಲ್ಲ ಅಮ್ಮ ಕೈ ಮುಗಿಯುವ ಗರುಡ. ಆದರೆ ಘಾಟಿಯಲ್ಲಿ ಇಡೀ ದಿನಕ್ಕೆ ಎರಡು ಸೆಕೆಂಡಿನ ಒಂದು ಅವಕಾಶ ಸಿಕ್ಕರೆ ಹೆಚ್ಚು. ದಕ್ಕೆಯಲ್ಲಿ ಒಂದೇ ಗಂಟೆಯಲ್ಲಿ ನೂರು ಸಲ ತಪ್ಪು ಮಾಡಬಹುದು, ನೂರು ಸಲ ತಿದ್ದಿಕೊಳ್ಳಬಹುದು. ಹೊಸಬರಿಗೆ ಬೇಕಾಗಿರುವುದು ಅದೇ ಅಲ್ವಾ?

ಗುರುತು ಹಿಡಿಯುವುದು ಸುಲಭ. ಹದ್ದು ಮೈಯೆಲ್ಲ ಕಂದು, ಬಾಲದ ತುದಿ ಕವಲೊಡೆದಿರುತ್ತದೆ. ಬಾಲ ಪೂರ್ತಿ ಬಿಚ್ಚಿದಾಗ ಮಾತ್ರ ಆ ಕವಲು ಕಾಣುವುದಿಲ್ಲ. ಗರುಡನ ತಲೆ, ಎದೆ ಬಿಳಿ, ಉಳಿದ ಮೈ ಇಟ್ಟಿಗೆ ಬಣ್ಣ, ರೆಕ್ಕೆಯ ತುದಿ ಕಪ್ಪು, ಬಾಲ ದುಂಡಗೆ. ಮರಿ ಗರುಡ ಮಾತ್ರ ಹದ್ದಿನ ಹಾಗೇ ಕಂದಾಗಿರುತ್ತದೆ, ಆಗ ಬಾಲ ನೋಡಿ ಹೇಳಬೇಕು. ತೇರಿನ ದಿನ ಗರುಡ ಬಂದು ರಥದ ಮೇಲೆ ಸುತ್ತು ಹಾಕುತ್ತದೆ ಅನ್ನುವ ನಂಬಿಕೆ ನಮ್ಮಲ್ಲಿ ಬಹಳ ಊರುಗಳಲ್ಲಿದೆ. ದಕ್ಕೆಯಲ್ಲಿ ಅದೇ ಗರುಡ ಕೊಳೆತ ಬಂಗುಡೆಗೆ ಕಾಗೆಯ ಜತೆ ಜಗಳ ಆಡುವುದನ್ನು ನೋಡಿದರೆ ಸ್ವಲ್ಪ ಬೇಜಾರಾಗಬಹುದು, ಆಮೇಲೆ ಅಭ್ಯಾಸ ಆಗುತ್ತದೆ.

ಲೆನ್ಸಿನ ಚಿಂತೆ

"600 ಎಂಎಂ ಲೆನ್ಸ್ ಇಲ್ಲದೆ ಹಕ್ಕಿ ಫೋಟೋ ಆಗುವುದಿಲ್ಲ" ಅನ್ನುವ ಮಾತು ಕೇಳಿ ಸಾಲ ಮಾಡಲು ಹೊರಡಬೇಡಿ. (ಲೆನ್ಸಿನ ಈ ಸಂಖ್ಯೆ ದೊಡ್ಡದಾದಷ್ಟೂ ಹಕ್ಕಿ ಹತ್ತಿರ ಕಾಣುತ್ತದೆ.) ನನ್ನ ಹತ್ತಿರ ಇದ್ದದ್ದು ಸೆಕೆಂಡ್ ಹ್ಯಾಂಡ್ ಕ್ಯಾನನ್ 1500ಡಿ, ಜತೆಗೆ 55-250 ಲೆನ್ಸ್. ಆ ಕ್ಯಾಮೆರಾದ ಸೆನ್ಸರ್, ಅಂದರೆ ಒಳಗೆ ಬೆಳಕು ಹಿಡಿಯುವ ಫಲಕ ಚಿಕ್ಕದು, ಹಾಗಾಗಿ 250 ಅನ್ನುವುದು ನೋಟದಲ್ಲಿ 400ರಷ್ಟು ಹತ್ತಿರ ತರುತ್ತದೆ. ದಕ್ಕೆಯಲ್ಲಿ ಹದ್ದು ಹತ್ತು ಹದಿನೈದು ಮೀಟರ್ ದೂರದಲ್ಲಿ ಹಾದುಹೋಗುತ್ತಿರುತ್ತದೆ. ಅಷ್ಟು ಹತ್ತಿರದಲ್ಲಿ ಸಿಕ್ಕಾಪಟ್ಟೆ ಉದ್ದದ ಲೆನ್ಸ್ ಇದ್ದರೆ ಹೊಸಬರಿಗೆ ಕಷ್ಟವೇ ಜಾಸ್ತಿ, ಹಕ್ಕಿ ಫ್ರೇಮಿನೊಳಗೆ ಸಿಗುವುದೇ ಇಲ್ಲ, ಸಿಕ್ಕರೂ ರೆಕ್ಕೆಯ ತುದಿ ಕತ್ತರಿಸಿ ಹೋಗಿರುತ್ತದೆ. 70-300 ಇದ್ದರೆ ಆರಾಮ. 150-600 ಈಗಾಗಲೇ ಮನೆಯಲ್ಲಿದ್ದರೆ ತನ್ನಿ, ಬೇಡ ಅನ್ನುವುದಿಲ್ಲ, ಆದರೆ ಮೊದಲ ದಿನ 300ರ ಆಸುಪಾಸಿನಲ್ಲೇ ಇಡಿ.

ಟ್ರೈಪಾಡ್ ಬೇಡ. ಹಾರುವ ಹಕ್ಕಿಗೆ ಅದು ಅಡ್ಡಿ, ದಕ್ಕೆಯಲ್ಲಿ ಮೀನಿನ ಬುಟ್ಟಿ ಹೊತ್ತು ಓಡುವವರಿಗೆ ಇನ್ನೂ ದೊಡ್ಡ ಅಡ್ಡಿ.

ಎಲ್ಲಿ ನಿಲ್ಲಬೇಕು

ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ, ಮೂರು ಭಾನುವಾರ ಹಾಳು ಮಾಡಿಕೊಂಡ ಮೇಲೆ ಗೊತ್ತಾಯಿತು. ಕ್ಯಾಮೆರಾದ ಸೆಟ್ಟಿಂಗ್ ಆಮೇಲೆ ನೋಡೋಣ. ಮೊದಲು ಬಿಸಿಲು ಎಲ್ಲಿಂದ ಬರುತ್ತಿದೆ, ಗಾಳಿ ಎಲ್ಲಿಂದ ಬೀಸುತ್ತಿದೆ ಅಂತ ನೋಡಿ.

ಬಿಸಿಲಿನ ವಿಷಯ ಸುಲಭ, ಸೂರ್ಯ ನಿಮ್ಮ ಬೆನ್ನಿಗಿರಬೇಕು. ನಿಮ್ಮ ನೆರಳು ಹಕ್ಕಿಯ ಕಡೆ ಬಿದ್ದಿದೆ ಅಂದರೆ ಜಾಗ ಸರಿಯಾಗಿದೆ. ಎದುರು ಬಿಸಿಲಿಗೆ ನಿಂತು ಹದ್ದಿನ ಫೋಟೋ ತೆಗೆದರೆ ಆಕಾಶದಲ್ಲಿ ಹರಿದ ಕಪ್ಪು ಕೊಡೆ ಹಾರಿದ ಹಾಗೆ ಬರುತ್ತದೆ. ಸೂರ್ಯ ತಗ್ಗಿನಲ್ಲಿರುವುದೂ ಮುಖ್ಯ. ಹಾರುವ ಹಕ್ಕಿಯಲ್ಲಿ ನಮಗೆ ಕಾಣುವುದು ಹೊಟ್ಟೆ ಮತ್ತು ರೆಕ್ಕೆಯ ಕೆಳಭಾಗ. ಬೆಳಗ್ಗೆ ಏಳೂವರೆಯ ಬಿಸಿಲು ಓರೆಯಾಗಿ ಬಂದು ಅಲ್ಲಿಗೆ ತಲುಪುತ್ತದೆ. ಹನ್ನೆರಡರ ಬಿಸಿಲು ಬೆನ್ನ ಮೇಲಷ್ಟೇ ಬೀಳುತ್ತದೆ, ಕೆಳಗೆಲ್ಲ ಕತ್ತಲೆ.

ಗಾಳಿಯ ವಿಷಯ ಇನ್ನೂ ಮಜಾ. ಇಷ್ಟು ದೊಡ್ಡ ಹಕ್ಕಿಗಳು ಏಳುವಾಗಲೂ ಇಳಿಯುವಾಗಲೂ ಗಾಳಿಗೆ ಮುಖ ಕೊಡುತ್ತವೆ. ನಮ್ಮ ಕರಾವಳಿಯಲ್ಲಿ ರಾತ್ರಿಯಿಂದ ಬೆಳಗಿನವರೆಗೆ ಗಾಳಿ ನೆಲದಿಂದ ಕಡಲ ಕಡೆಗೆ, ಅಂದರೆ ಮೂಡಣದಿಂದ ಪಡುವಣಕ್ಕೆ ಬೀಸುತ್ತದೆ. ಸೂರ್ಯ ಹುಟ್ಟುವುದೂ ಮೂಡಣದಲ್ಲೇ. ಈಗ ಯೋಚನೆ ಮಾಡಿ, ನೀವು ಬೆಳಗ್ಗೆ ನೆಲಕ್ಕೆ ಬೆನ್ನು ಹಾಕಿ ಪಡುವಣಕ್ಕೆ ಮುಖ ಮಾಡಿ ನಿಂತಿದ್ದೀರಿ. ಬಿಸಿಲು ಬೆನ್ನಿಗೆ, ಗಾಳಿಯೂ ಬೆನ್ನಿಗೆ. ನೀರಿನ ಮೇಲೆ ಇಳಿಯುವ ಗರುಡ ಗಾಳಿಗೆ ಮುಖ ಕೊಡಬೇಕಾದರೆ ನಿಮ್ಮ ಕಡೆಗೇ ಮುಖ ಮಾಡಬೇಕು. ಮುಖದ ತುಂಬ ಬಿಸಿಲು ಹೊತ್ತುಕೊಂಡು, ಕಣ್ಣಲ್ಲಿ ಹೊಳಪು ಇಟ್ಟುಕೊಂಡು, ಎದುರಿಗೇ ಬರುತ್ತದೆ. ಇದು ನನಗೆ ಹೊಳೆದ ದಿನ ಒಬ್ಬನೇ ನಕ್ಕುಬಿಟ್ಟೆ. ಅದಕ್ಕೂ ಮುಂಚೆ ತೆಗೆದ ಫೋಟೋಗಳಲ್ಲಿ ಮುಕ್ಕಾಲು ಪಾಲು ಹಕ್ಕಿಗಳ ಹಿಂಭಾಗ.

ಹೊತ್ತೇರಿದ ಹಾಗೆ ನೆಲ ಕಾಯುತ್ತದೆ, ಗಾಳಿ ತಿರುಗಿ ಕಡಲಿನಿಂದ ಬೀಸಲು ಶುರುವಾಗುತ್ತದೆ. ಆಗ ಹಕ್ಕಿಗಳ ಮುಖ ಪಡುವಣಕ್ಕೆ. ಸಂಜೆ ಸೂರ್ಯನೂ ಅಲ್ಲೇ. ಹಾಗಾಗಿ ಸಂಜೆ ಹೋಗುವವರು ಉಲ್ಟಾ ನಿಲ್ಲಬೇಕು, ಕಡಲಿಗೆ ಬೆನ್ನು ಹಾಕಿ. ಮಲ್ಪೆಯಲ್ಲಾದರೆ ಸೇತುವೆ ದಾಟಿ ಪಡುಕೆರೆ ಕಡೆಗೆ ಹೋಗಿ ಹೊಳೆಯತ್ತ ಮುಖ ಮಾಡಿ, ಸರಿಹೋಗುತ್ತದೆ. ಗಾಳಿ ಯಾವ ಕಡೆಗೆ ಅಂತ ತಿಳಿಯಲು ಬೆರಳು ಒದ್ದೆ ಮಾಡುವ ಕಷ್ಟವೂ ಇಲ್ಲ, ಬೋಟುಗಳ ಮೇಲೆ ಬಾವುಟ ಇದ್ದೇ ಇರುತ್ತದೆ.

ಹೊತ್ತಿನ ಬಗ್ಗೆ ಇನ್ನೊಂದು ಮಾತು. ಬೆಳಗ್ಗೆ ಏಳರಿಂದ ಒಂಬತ್ತೂವರೆ, ಅಷ್ಟೇ. ಅದರ ನಂತರ ನೆಲದಿಂದ ಬಿಸಿ ಗಾಳಿ ಮೇಲೇಳುತ್ತದೆ, ಹದ್ದುಗಳು ಅದರ ಮೇಲೆ ಸವಾರಿ ಮಾಡುತ್ತಾ ರೆಕ್ಕೆ ಬಡಿಯದೇ ಮೇಲೆ ಮೇಲೆ ಹೋಗಿ ಚುಕ್ಕೆಯಾಗುತ್ತವೆ. ಕೆಳಗೆ ಉಳಿದವುಗಳ ಫೋಟೋ ಕೂಡ ಮಸುಕಾಗುತ್ತದೆ. ಕಾದ ಕಾಂಕ್ರೀಟಿನ ಮೇಲೆ ಗಾಳಿ ನಡುಗುವುದನ್ನು ನೋಡಿರುತ್ತೀರಲ್ಲ, ಅದೇ ನಡುಕ ಫೋಟೋದಲ್ಲೂ ಬರುತ್ತದೆ. ಲೆನ್ಸ್ ಕೆಟ್ಟಿದೆ ಅಂದುಕೊಂಡು ನಾನು ಒಮ್ಮೆ ಸರ್ವಿಸ್‌ಗೆ ಕೊಡಲು ಹೊರಟಿದ್ದೆ.

ಸೆಟ್ಟಿಂಗ್

ಡಯಲ್ಲನ್ನು ಎಂ ಅಂದರೆ ಮ್ಯಾನುಯಲ್‌ಗೆ ತಿರುಗಿಸಿ. ಹೊಸಬರಿಗೆ ಮ್ಯಾನುಯಲ್ಲಾ ಅಂತ ಗಾಬರಿಯಾಗಬೇಡಿ, ಇಲ್ಲಿ ಅದೇ ಸುಲಭ. ಯಾಕೆ ಅಂದರೆ, ಆಟೋದಲ್ಲಿಟ್ಟರೆ ಕ್ಯಾಮೆರಾ ಹಕ್ಕಿಯನ್ನಲ್ಲ, ಹಿನ್ನೆಲೆಯನ್ನು ನೋಡಿ ಬೆಳಕು ಲೆಕ್ಕ ಹಾಕುತ್ತದೆ. ಹಿಂದೆ ಬೆಳ್ಳನೆ ಆಕಾಶ ಇದ್ದರೆ "ಬೆಳಕು ಜಾಸ್ತಿಯಾಯ್ತು" ಅಂತ ಕಡಿಮೆ ಮಾಡುತ್ತದೆ, ಹಕ್ಕಿ ಕರಿಯಾಗುತ್ತದೆ. ಅದೇ ಹಕ್ಕಿ ಅರ್ಧ ಸೆಕೆಂಡಿನಲ್ಲಿ ಕಡು ನೀಲಿ ಬಣ್ಣದ ಬೋಟಿನ ಎದುರು ಇಳಿದರೆ ಬೆಳಕು ಏರಿಸುತ್ತದೆ, ಗರುಡನ ಬಿಳಿ ತಲೆ ಸುಣ್ಣ ಬಳಿದ ಹಾಗೆ ಆಗುತ್ತದೆ, ಒಂದು ಗರಿಯೂ ಕಾಣುವುದಿಲ್ಲ. ಆದರೆ ಹಕ್ಕಿಯ ಮೇಲೆ ಬೀಳುತ್ತಿರುವ ಬಿಸಿಲು ಎರಡೂ ಸಲ ಒಂದೇ. ಬಿಸಿಲು ಬದಲಾಗದಿದ್ದರೆ ಸೆಟ್ಟಿಂಗ್ ಯಾಕೆ ಬದಲಾಗಬೇಕು?

ಫಿಲ್ಮ್ ಕಾಲದವರ ಒಂದು ಲೆಕ್ಕ ಇದೆ. ಚೊಕ್ಕ ಬಿಸಿಲಿದ್ದಾಗ ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಎಫ್/16 ಇಟ್ಟರೆ, ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸಬೇಕು ಅನ್ನುವ ಅಂಕಿ) ಎಷ್ಟೋ, ಶಟರ್ (ಬೆಳಕು ಒಳಗೆ ಬರುವ ಹೊತ್ತು) ಸೆಕೆಂಡಿನ ಅಷ್ಟನೇ ಒಂದು ಭಾಗ. ಐಎಸ್‌ಒ 400 ಆದರೆ ಶಟರ್ 1/400. ನಮಗೆ ಅಷ್ಟು ನಿಧಾನ ಸಾಲದು. ಎಫ್/8ಕ್ಕೆ ತೆರೆದರೆ ನಾಲ್ಕು ಪಟ್ಟು ಬೆಳಕು ಒಳಗೆ ಬರುತ್ತದೆ, ಆಗ ಶಟರ್ ನಾಲ್ಕು ಪಟ್ಟು ವೇಗ ಮಾಡಬಹುದು: 1/1600. ಅಷ್ಟೇ. ಐಎಸ್‌ಒ 400, ಎಫ್/8, 1/1600. ಇದನ್ನು ಕೈಮೇಲೆ ಬರೆದುಕೊಂಡು ಹೋದರೂ ತಪ್ಪಿಲ್ಲ, ನಾನು ಬರೆದುಕೊಂಡಿದ್ದೆ. ಏಳು ಗಂಟೆಯ ಎಳೆ ಬಿಸಿಲಿಗೆ ಐಎಸ್‌ಒ 800 ಮಾಡಿ, ಬಿಸಿಲು ಬಲಿತ ಮೇಲೆ 400ಕ್ಕೆ ಇಳಿಸಿ. ಮೋಡ ಅಡ್ಡ ಬಂದರೆ ಮತ್ತೆ ಏರಿಸಬೇಕು, ಅದನ್ನು ಮರೆತು ಅರ್ಧ ಗಂಟೆ ಕತ್ತಲೆ ಫೋಟೋ ತೆಗೆದವರಲ್ಲಿ ನಾನೂ ಒಬ್ಬ.

ಆಮೇಲೆ ಗರುಡನಿಗೂ ಹದ್ದಿಗೂ ಸ್ವಲ್ಪ ಲೆಕ್ಕ ಬೇರೆ. ಬೆಳಕು ಜಾಸ್ತಿಯಾದ ಕಡೆ ಮಿನುಗಿ ತೋರಿಸುವ ಒಂದು ಆಯ್ಕೆ ಕ್ಯಾಮೆರಾದ ಮೆನುವಿನಲ್ಲಿರುತ್ತದೆ, ಅದನ್ನು ಆನ್ ಮಾಡಿಡಿ. ಗರುಡನ ತಲೆ ಮಿನುಗಿದರೆ ಶಟರನ್ನು 1/2000ಕ್ಕೋ 1/2500ಕ್ಕೋ ಏರಿಸಿ. ಬರೀ ಹದ್ದುಗಳೇ ಇದ್ದರೆ, ಅವು ಕಂದು ಬಣ್ಣದವು, ಐಎಸ್‌ಒ 640 ಮಾಡಿದರೆ ಗರಿಯ ವಿವರ ಚೆನ್ನಾಗಿ ಬರುತ್ತದೆ. ಎರಡೂ ಒಟ್ಟಿಗೆ ಇದ್ದಾಗ ಗರುಡನ ಲೆಕ್ಕವನ್ನೇ ಇಡಿ. ಕತ್ತಲೆಯಾದದ್ದನ್ನು ಮನೆಯಲ್ಲಿ ಕೂತು ಎತ್ತಬಹುದು, ಸುಟ್ಟುಹೋದ ಬಿಳಿಯನ್ನು ಯಾರೂ ವಾಪಸ್ ತರಲಾರರು.

ಫೋಕಸ್ ಕ್ಯಾನನ್‌ನಲ್ಲಿ ಎಐ ಸರ್ವೋ, ನಿಕಾನ್ ಸೋನಿಗಳಲ್ಲಿ ಎಎಫ್-ಸಿ. ಹಕ್ಕಿ ಸರಿದ ಹಾಗೆ ಫೋಕಸ್ ಕೂಡ ಅದರ ಹಿಂದೆ ಸರಿಯಬೇಕು, ಅದಕ್ಕೆ. ಹಳೆಯ ಕ್ಯಾಮೆರಾ ಆದರೆ ನಡುವಿನ ಒಂದೇ ಬಿಂದು ಬಳಸಿ. ಹಕ್ಕಿಯ ಕಣ್ಣನ್ನು ತಾನೇ ಹುಡುಕುವ ಹೊಸ ಮಿರರ್‌ಲೆಸ್ ಇದ್ದರೆ ನೀವು ಪುಣ್ಯವಂತರು, ಅದನ್ನು ಆನ್ ಮಾಡಿ ಮುಂದಿನ ಒಂದು ಪ್ಯಾರಾ ಅರ್ಧ ಬಿಟ್ಟು ಓದಿ.

ಹಕ್ಕಿ ಫ್ರೇಮಿನೊಳಗೆ ಬರಬೇಕಲ್ಲ

ಮೊದಲ ದಿನ ಎಲ್ಲರಿಗೂ ಆಗುವುದು ಒಂದೇ. ಬರಿಗಣ್ಣಿಗೆ ಹಕ್ಕಿ ಚೆನ್ನಾಗಿ ಕಾಣುತ್ತದೆ, ಕ್ಯಾಮೆರಾ ಕಣ್ಣಿಗಿಟ್ಟರೆ ಬರೀ ಆಕಾಶ. ಅದಕ್ಕೆ ಒಂದು ಉಪಾಯ. ಹಕ್ಕಿಯ ಮೇಲಿಂದ ಕಣ್ಣು ತೆಗೆಯಬೇಡಿ. ಕತ್ತು, ಮುಖ ಹಾಗೇ ಇರಲಿ, ಕ್ಯಾಮೆರಾವನ್ನು ಮೇಲೆತ್ತಿ ಕಣ್ಣಿಗೆ ತನ್ನಿ. ಕ್ಯಾಮೆರಾ ನೋಡಿ, ಆಮೇಲೆ ಹಕ್ಕಿ ಹುಡುಕಿದರೆ ಆಗುವುದಿಲ್ಲ. ಮನೆಯಲ್ಲೇ ಕಿಟಕಿಯಾಚೆಯ ತೆಂಗಿನ ಗರಿಯ ಮೇಲೆ ಐವತ್ತು ಸಲ ಹೀಗೆ ಮಾಡಿ ನೋಡಿ. ಬೀದಿಯ ಕಾಗೆ, ಗದ್ದೆಯ ಬೆಳ್ಳಕ್ಕಿ ಕೂಡ ಒಳ್ಳೆಯ ಅಭ್ಯಾಸ.

ಹಕ್ಕಿ ದೂರದಲ್ಲಿ ಚಿಕ್ಕದಾಗಿರುವಾಗಲೇ ಹಿಡಿದುಕೊಳ್ಳಿ, ಹತ್ತಿರ ಬರುವ ತನಕ ಜತೆಗೇ ಬನ್ನಿ. ಹತ್ತಿರ ಬಂದ ಮೇಲೆ ಹಿಡಿಯುತ್ತೇನೆ ಅಂದರೆ ತಡವಾಯಿತು. ಅದಕ್ಕೂ ಮುಂಚೆ ಹಕ್ಕಿ ಹಾದುಹೋಗುವ ದೂರದಲ್ಲೇ ಇರುವ ಯಾವುದಾದರೂ ಬೋಟಿಗೆ ಒಮ್ಮೆ ಫೋಕಸ್ ಮಾಡಿಡಿ. ಇಲ್ಲದಿದ್ದರೆ ನಮ್ಮಂಥವರ ಅಗ್ಗದ ಲೆನ್ಸ್ ಹತ್ತಿರದಿಂದ ದೂರಕ್ಕೆ, ದೂರದಿಂದ ಹತ್ತಿರಕ್ಕೆ ಗರಗರ ತಿರುಗುತ್ತಾ ಕೂತುಬಿಡುತ್ತದೆ. ಮೊಣಕೈ ಎದೆಗೆ ಒತ್ತಿಕೊಂಡಿರಲಿ, ಕೈಯಿಂದಲ್ಲ, ಸೊಂಟದಿಂದ ತಿರುಗಿ. ಕ್ಲಿಕ್ ಮಾಡಿದ ಮೇಲೂ ತಿರುಗುತ್ತಲೇ ಇರಿ, ಒತ್ತಿದ ತಕ್ಷಣ ನಿಂತುಬಿಟ್ಟರೆ ಹಕ್ಕಿ ಮುಂದೆ, ಫ್ರೇಮ್ ಹಿಂದೆ.

ಬಟನ್ ಒತ್ತಿ ಹಿಡಿದರೆ ಸಾಕು, ಟಕಟಕ ಬರುತ್ತದೆ ಅನ್ನುವ ಧೈರ್ಯ ಬೇಡ. ನನ್ನ ಕ್ಯಾಮೆರಾ ಸೆಕೆಂಡಿಗೆ ಮೂರೇ ಫೋಟೋ ತೆಗೆಯುವುದು. ರಾ, ಅಂದರೆ ಕ್ಯಾಮೆರಾ ತಿದ್ದದೇ ಉಳಿಸುವ ದೊಡ್ಡ ಫೈಲಿನಲ್ಲಿ ತೆಗೆದರೆ ಕೆಲವೇ ಫೋಟೋಗಳ ನಂತರ ಉಸಿರು ಕಟ್ಟಿ ನಿಲ್ಲುತ್ತದೆ, ಸರಿಯಾಗಿ ಆಗಲೇ ಗರುಡ ಮೀನು ಎತ್ತುತ್ತದೆ. ಅಭ್ಯಾಸದ ದಿನಗಳಲ್ಲಿ ಚಿಕ್ಕ ಫೈಲಾದ ಜೆಪೆಗ್‌ನಲ್ಲೇ ತೆಗೆಯಿರಿ. ಎರಡು ಮೂರು ಕ್ಲಿಕ್ಕಿನ ಚಿಕ್ಕ ಚಿಕ್ಕ ಸುತ್ತು ಸಾಕು. ಯಾವಾಗ ಒತ್ತಬೇಕು ಅನ್ನುವುದನ್ನು ಹಕ್ಕಿಯೇ ಹೇಳುತ್ತದೆ.

ಹಕ್ಕಿ ಏನು ಹೇಳುತ್ತದೆ

ಮೊದಲ ಅರ್ಧ ಗಂಟೆ ಕ್ಯಾಮೆರಾ ಚೀಲದಲ್ಲೇ ಇರಲಿ, ಸುಮ್ನೆ ನೋಡಿ. ಕಷ್ಟ ಅಂತ ಗೊತ್ತು, ಆದರೂ.

ಸುತ್ತು ಹಾಕುತ್ತಿರುವ ಗರುಡ ಮೀನು ನೋಡಿತು ಅಂದರೆ ಮೊದಲು ತಲೆ ಕೆಳಗೆ ಬಾಗುತ್ತದೆ. ಆಮೇಲೆ ರೆಕ್ಕೆ ಅರ್ಧ ಮಡಚುತ್ತದೆ. ಆಮೇಲೆ ಕಾಲು ಕೆಳಗಿಳಿಯುತ್ತದೆ. ತಲೆ ಬಾಗಿದಾಗಲೇ ನೀವು ಅದರ ಹಿಂದೆ ಬಿದ್ದಿದ್ದರೆ ಕಾಲು ಇಳಿಯುವ ಹೊತ್ತಿಗೆ ಒತ್ತಬಹುದು. ಅದು ನೀರಿಗೆ ಮುಳುಗುವುದಿಲ್ಲ, ನೀರಿನ ಮೇಲಿಂದಲೇ ಕಾಲಿನಲ್ಲಿ ಮೀನು ಎತ್ತಿಕೊಂಡು ಹೋಗುತ್ತದೆ. ಅಲ್ಲಿಗೆ ಮುಗಿಯಿತು ಅಂತ ಕ್ಯಾಮೆರಾ ಇಳಿಸಬೇಡಿ. ಚಿಕ್ಕ ತುಂಡಾದರೆ ಹಾರುತ್ತಲೇ ಕಾಲನ್ನು ಕೊಕ್ಕಿಗೆ ತಂದು ತಿನ್ನುತ್ತದೆ, ಆಗ ಹಾರಾಟ ಸ್ವಲ್ಪ ನಿಧಾನ ಆಗುತ್ತದೆ, ಒಂದೇ ದಾರಿಯಲ್ಲಿ ಹೋಗುತ್ತದೆ. ಹೊಸಬರಿಗೆ ಸಿಗುವ ಅತಿ ಒಳ್ಳೆಯ ಫೋಟೋ ಇದೇ ಅಂತ ನನ್ನ ಲೆಕ್ಕ. ಅಷ್ಟರಲ್ಲಿ ಕಾಗೆ ಅಟ್ಟಿಸಿಕೊಂಡು ಬರಬಹುದು. ಇಬ್ಬರೂ ಒಂದೇ ಫ್ರೇಮಿನಲ್ಲಿ ಸಿಕ್ಕರೆ ಹಬ್ಬ, ಎಫ್/8 ಇಟ್ಟಿರುವುದು ಇಂಥ ಹೊತ್ತಿಗೂ ಒದಗುತ್ತದೆ, ಎರಡೂ ತಕ್ಕಮಟ್ಟಿಗೆ ಸ್ಪಷ್ಟವಾಗಿ ಬರುತ್ತವೆ.

ಕೂತ ಹಕ್ಕಿ ಏಳುವ ಸೂಚನೆಯೂ ಇದೆ. ಗರಿ ಕೊಡವುತ್ತದೆ, ಮುಂದಕ್ಕೆ ವಾಲುತ್ತದೆ, ಮತ್ತೆ, ಹೇಳಲೇಬೇಕು, ಬಹಳ ಸಲ ಒಂದು ಹಿಕ್ಕೆ ಹಾಕುತ್ತದೆ. ಹಿಕ್ಕೆ ಬಿತ್ತಾ, ಬೆರಳು ಬಟನ್ ಮೇಲೆ. ಗಾಳಿ ಎತ್ತ ಅಂತ ಗೊತ್ತಿದ್ದರೆ ಯಾವ ಕಡೆಗೆ ಹಾರುತ್ತದೆ ಅನ್ನುವುದೂ ಗೊತ್ತು, ಆ ಕಡೆ ಫ್ರೇಮಿನಲ್ಲಿ ಜಾಗ ಬಿಟ್ಟುಕೊಂಡು ಕಾಯಿರಿ. ಜೂಮ್ ಸ್ವಲ್ಪ ಹಿಂದಕ್ಕೆ ಎಳೆದಿಡಿ. ಕೂತಾಗ ಫ್ರೇಮ್ ತುಂಬಿದ ಹಕ್ಕಿ ರೆಕ್ಕೆ ಬಿಚ್ಚಿದರೆ ಹಿಡಿಸುವುದಿಲ್ಲ.

ಬೋಟಿನವರೊಬ್ಬರು ನನ್ನನ್ನು ಎರಡು ವಾರ ನೋಡಿ ಮೂರನೇ ವಾರ ಕೇಳಿದರು, "ಎಂತ ಮಾರಾಯ್ರೆ, ಗಿಡಿಯ ಫೋಟೋ ತೆಗೆಯುವುದಕ್ಕೆ ಇಷ್ಟೆಲ್ಲ ಉಂಟಾ?" ತುಳುವಿನಲ್ಲಿ ಹದ್ದಿಗೆ ಗಿಡಿ ಅಂತಾರೆ. ಉಂಟು ಅಂದೆ. "ಹಾಗಾದ್ರೆ ಬಲೆ ಕೊಡಹುವಾಗ ಬನ್ನಿ, ಈಗ ನಿಂತು ಎಂತ ಮಾಡ್ತೀರಿ?" ಅಂದರು. ಬಲೆಗೆ ಸಿಕ್ಕಿಕೊಂಡ ಚಿಲ್ಲರೆ ಮೀನು ಉದುರುವ ಆ ಐದು ಹತ್ತು ನಿಮಿಷಕ್ಕೆ ಎಲ್ಲಿದ್ದವೋ ಅಷ್ಟೂ ಹಕ್ಕಿಗಳು ಬರುತ್ತವೆ. ಅಷ್ಟೂ ದಿನ ನಾನು ಐಸ್ ತುಂಬುವ ಕಡೆ ನಿಂತಿದ್ದೆ.

ಹಿನ್ನೆಲೆಯನ್ನೂ ಸ್ವಲ್ಪ ನೋಡಿ. ಬರೀ ಆಕಾಶದ ಎದುರಿನ ಹದ್ದು ಎಲ್ಲರ ಹತ್ತಿರವೂ ಇರುತ್ತದೆ. ದಕ್ಕೆಯ ಅಂಚಿನಲ್ಲಿ, ಅದರಲ್ಲೂ ನೀರು ಇಳಿದ ಹೊತ್ತಿನಲ್ಲಿ ನಿಂತರೆ ಹಕ್ಕಿ ನಿಮ್ಮ ಕಣ್ಣಿಗಿಂತ ಕೆಳಗೆ ಬರುತ್ತದೆ. ಹಿಂದೆ ಹಸಿರು ನೀರು, ಇಲ್ಲವೇ ಆಚೆ ದಡದ ತೆಂಗಿನ ತೋಟ ಮಸುಕಾಗಿ. ಗರುಡನ ಇಟ್ಟಿಗೆ ಬಣ್ಣಕ್ಕೆ ಆ ಹಸಿರು ಎಷ್ಟು ಒಪ್ಪುತ್ತದೆ ಅಂದರೆ, ನೋಡಿಯೇ ತಿಳಿಯಬೇಕು.

ದಕ್ಕೆಯ ಮರ್ಯಾದೆ

ಅದು ಜನ ದುಡಿಯುವ ಜಾಗ. ನಾವು ಶೋಕಿಗೆ ಹೋದವರು. ಏಲಂ ನಡೆಯುವಲ್ಲಿ, ಹೆಂಗಸರು ಮೀನು ವಿಂಗಡಿಸುವಲ್ಲಿ ಅಡ್ಡ ನಿಲ್ಲಬೇಡಿ. "ಅಣ್ಣಾ, ಹಕ್ಕಿ ಫೋಟೋ ತೆಗೀಬಹುದಾ" ಅಂತ ಒಂದು ಮಾತು ಕೇಳಿ. ಜನರ ಮುಖ ಬರುವ ಫೋಟೋ ಆದರೆ ಖಂಡಿತ ಕೇಳಿ. ಚೆನ್ನಾಗಿ ಬಂದದ್ದನ್ನು ವಾಟ್ಸಾಪ್ ಮಾಡಿದರೆ ಮುಂದಿನ ವಾರ ಬೋಟಿನ ಮೇಲಿಂದಲೇ ತೆಗೆಯಿರಿ ಅಂತ ಕರೆಯುತ್ತಾರೆ, ನನ್ನ ಅನುಭವ.

ನೆಲ ಜಾರುತ್ತದೆ. ಮೀನಿನ ಲೋಳೆ, ಐಸ್ ನೀರು, ಹಗ್ಗ. ನಾನು ಹವಾಯಿ ಚಪ್ಪಲಿಯಲ್ಲಿ ಹೋಗಿ, ಕಣ್ಣು ಕ್ಯಾಮೆರಾದಲ್ಲಿ ಇಟ್ಟುಕೊಂಡು ಹಿಂದಕ್ಕೆ ಎರಡು ಹೆಜ್ಜೆ ಇಟ್ಟು, ಬೂತಾಯಿ ಬುಟ್ಟಿಯ ಪಕ್ಕ ಕೂತುಬಿಟ್ಟೆ. ಕ್ಯಾಮೆರಾ ಉಳಿಯಿತು, ಪ್ಯಾಂಟು ಉಳಿಯಲಿಲ್ಲ. ಹಿಡಿತ ಇರುವ ಶೂ ಹಾಕಿ, ನಡೆಯುವಾಗ ಕ್ಯಾಮೆರಾ ಕಣ್ಣಿನಿಂದ ತೆಗೆಯಿರಿ. ಚೀಲ ನೆಲದ ಮೇಲೆ ಇಡಲೇಬೇಡಿ, ಆ ವಾಸನೆ ಹೋಗುವುದಿಲ್ಲ, ನಮ್ಮ ಮನೆ ಬೆಕ್ಕು ಇವತ್ತಿಗೂ ನನ್ನ ಕ್ಯಾಮೆರಾ ಚೀಲದ ಮೇಲೇ ಮಲಗುವುದು.

ಮೀನು ಎಸೆದು ಹಕ್ಕಿ ಕರೆಯುವುದು ಬೇಡ. ನಾನೂ ಒಮ್ಮೆ ನೂರು ರೂಪಾಯಿಯ ಮೀನು ಕೊಂಡು ಎಸೆದೆ, ಸುಳ್ಳು ಯಾಕೆ ಹೇಳಲಿ. ಮೂವತ್ತು ಹದ್ದು ಒಟ್ಟಿಗೇ ನುಗ್ಗಿದವು, ಫೋಟೋದಲ್ಲಿ ರೆಕ್ಕೆಯ ಮೇಲೆ ರೆಕ್ಕೆ, ಯಾವ ತಲೆ ಯಾರದ್ದು ಅಂತ ಗೊತ್ತಾಗಲಿಲ್ಲ. ಪಕ್ಕದಲ್ಲಿ ನಿಂತಿದ್ದ ಹುಡುಗನ ಕೈಯ ಬನ್ನೂ ಹೋಯಿತು, ಕೈಗೆ ಉಗುರಿನ ಗೀರು ಬೇರೆ. ಕೈಯಿಂದ ಕಸಿಯುವುದನ್ನು ಹದ್ದಿಗೆ ಕಲಿಸಿದರೆ ಆಮೇಲೆ ಪೆಟ್ಟು ತಿನ್ನುವುದು ಅಲ್ಲಿಯ ಮಕ್ಕಳು. ಬೋಟಿನವರು ತಮ್ಮ ಕೆಲಸದಲ್ಲಿ ಎಸೆಯುವುದಕ್ಕೆ ಕಾದರೆ ಸಾಕು.

ಗೂಡಿನ ತಂಟೆಗಂತೂ ಹೋಗಲೇಬೇಡಿ. ಗರುಡ ನಮ್ಮ ಕಡೆ ಸಾಮಾನ್ಯವಾಗಿ ಡಿಸೆಂಬರಿನಿಂದ ಏಪ್ರಿಲ್ ಒಳಗೆ ಗೂಡು ಕಟ್ಟುತ್ತದೆ. ಮರದ ಕೆಳಗೆ ಜನ ಸೇರಿದರೆ ತಾಯಿ ಎದ್ದುಹೋಗುತ್ತದೆ, ಮೊಟ್ಟೆ ಬಿಸಿಲಿಗೆ ಬೇಯುತ್ತದೆ, ಇಲ್ಲವೇ ಕಾಗೆ ಒಯ್ಯುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಗೂಡಿಗೆ ಕೈ ಹಾಕುವುದು ಅಪರಾಧ ಕೂಡ. ಡ್ರೋನ್ ಹಾರಿಸುವ ಯೋಚನೆ ಇದ್ದರೆ ಅದನ್ನೂ ಮನೆಯಲ್ಲೇ ಬಿಡಿ.

ಮನೆಗೆ ಬಂದ ಮೇಲೆ

ಮೊದಲು ಕ್ಯಾಮೆರಾ. ಉಪ್ಪು ಗಾಳಿ ಮೆಲ್ಲಗೆ ತಿನ್ನುತ್ತದೆ. ಸಿಹಿ ನೀರಿನಲ್ಲಿ ಬಟ್ಟೆ ಒದ್ದೆ ಮಾಡಿ, ಚೆನ್ನಾಗಿ ಹಿಂಡಿ, ಕ್ಯಾಮೆರಾ ಮತ್ತು ಲೆನ್ಸಿನ ಮೈ ಒರೆಸಿ, ಒಣಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿ. ಗಾಜನ್ನು ಮೊದಲು ಊದುವ ಬಲ್ಬಿನಿಂದ ಊದಿ ಆಮೇಲೆ ಒರೆಸಿ, ಮರಳಿನ ಕಣ ಇದ್ದರೆ ಗೀರು ಬೀಳುತ್ತದೆ.

ಆಮೇಲೆ ಫೋಟೋ. ಮೊದಲ ದಿನ ನಾನು 600 ತೆಗೆದಿದ್ದೆ, ಉಳಿಸಿಕೊಂಡದ್ದು ನಾಲ್ಕು. ಆ ನಾಲ್ಕರಲ್ಲಿ ಒಂದು ಕಾಗೆಯದ್ದು. ಆರಿಸುವಾಗ ಬೇರೇನೂ ನೋಡಬೇಡಿ, ದೊಡ್ಡದು ಮಾಡಿ ಕಣ್ಣು ನೋಡಿ. ಕಣ್ಣು ಸ್ಪಷ್ಟ ಇಲ್ಲದಿದ್ದರೆ ಅಳಿಸಿ, ರೆಕ್ಕೆ ಎಷ್ಟೇ ಚೆಂದ ಬಂದಿರಲಿ. ಆದರೆ ಅಳಿಸುವ ಮುಂಚೆ ಯಾಕೆ ಹಾಳಾಯಿತು ಅಂತ ಒಂದು ಕ್ಷಣ ಯೋಚಿಸಿ. ಹಕ್ಕಿಯೂ ಹಿನ್ನೆಲೆಯೂ ಎರಡೂ ಎಳೆದ ಹಾಗೆ ಇದ್ದರೆ ಕೈ ಅಲುಗಿದೆ. ಹಿನ್ನೆಲೆ ಸ್ಪಷ್ಟ ಇದ್ದು ಹಕ್ಕಿ ಮಾತ್ರ ಮಸುಕಾದರೆ ಫೋಕಸ್ ಹಿಂದಕ್ಕೆ ಹಾರಿದೆ. ಮೈ ಸ್ಪಷ್ಟ, ರೆಕ್ಕೆಯ ತುದಿ ಮಾತ್ರ ಅಲುಗಿದ್ದರೆ ಶಟರ್ ಇನ್ನಷ್ಟು ವೇಗ ಬೇಕಿತ್ತು, ಅದು ಕೆಲವು ಸಲ ನೋಡಲು ಚೆನ್ನಾಗಿಯೇ ಇರುತ್ತದೆ. ತಿದ್ದಲು ಫೋನಿನಲ್ಲಿ ಸ್ನ್ಯಾಪ್‌ಸೀಡ್, ಕಂಪ್ಯೂಟರಿನಲ್ಲಿ ಡಾರ್ಕ್‌ಟೇಬಲ್ ಇವೆ, ಎರಡೂ ಪುಕ್ಕಟೆ.

ಹತ್ತು ಹನ್ನೆರಡು ಬೆಳಗು ಹೀಗೆ ಕಳೆದ ಮೇಲೆ ಬೇರೆ ಹಕ್ಕಿಗಳ ಕಡೆ ಹೋಗಿ. ಚಳಿಗಾಲದಲ್ಲಿ ಅಳಿವೆಗಳಿಗೆ ಮೀನು ಹಿಡಿಯುವ ಡೇಗೆ ಬರುತ್ತದೆ. ಅದು ಗರುಡನ ಹಾಗಲ್ಲ, ಕಾಲು ಮುಂದೆ ಮಾಡಿ ನೀರಿಗೇ ಧುಮುಕುತ್ತದೆ. ಬಯಲುಸೀಮೆಯವರಿಗೆ ಹೊಲದ ಕರೆಂಟ್ ತಂತಿಯ ಮೇಲೆ ಕೂರುವ ಕಪ್ಪು ರೆಕ್ಕೆಯ ಹದ್ದು ಇದೆ, ಬಿಳಿ ಮೈ, ಕೆಂಪು ಕಣ್ಣು. ಅದು ಒಂದೇ ಜಾಗದಲ್ಲಿ ರೆಕ್ಕೆ ಬಡಿಯುತ್ತಾ ಗಾಳಿಯಲ್ಲಿ ನಿಲ್ಲುತ್ತದೆ, ಹೊಸಬರಿಗಂತಲೇ ನಿಂತ ಹಾಗೆ. ಕಾರಿನಿಂದ ಇಳಿಯದೇ, ಎಂಜಿನ್ ಆರಿಸಿ, ಕಿಟಕಿಯಿಂದಲೇ ತೆಗೆಯಿರಿ. ಕಾರಿಗೆ ಹೆದರದ ಹಕ್ಕಿ ಕಾರಿನ ಬಾಗಿಲು ತೆರೆದರೆ ಹಾರುತ್ತದೆ. ಬೆಂಗಳೂರಿನವರಿಗೆ ಚಳಿಗಾಲದ ಹೆಸರಘಟ್ಟದ ಹುಲ್ಲುಗಾವಲು, ರಣಹದ್ದು ನೋಡಲು ರಾಮನಗರದ ರಾಮದೇವರ ಬೆಟ್ಟ. ಇಂಥ ಕಡೆ ಅರಣ್ಯ ಇಲಾಖೆಯ ನಿಯಮ ಏನಿದೆ, ಅನುಮತಿ ಬೇಕಾ ಅಂತ ಕೇಳಿಕೊಂಡೇ ಹೋಗಿ.

ಮಳೆಗಾಲದ ಬಗ್ಗೆ ಮರೆತಿದ್ದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ದಕ್ಕೆ ಖಾಲಿ, ಮಳೆ ಬೇರೆ. ಆ ಎರಡು ತಿಂಗಳು ಲೆನ್ಸನ್ನು ಚರ್ಮದ ಚೀಲದಲ್ಲಿಟ್ಟು ಬೀರುವಿನಲ್ಲಿ ಮುಚ್ಚಿಡಬೇಡಿ, ನಮ್ಮ ಕರಾವಳಿಯ ತೇವಕ್ಕೆ ಒಳಗೆ ಬೂಸ್ಟು ಹಿಡಿಯುತ್ತದೆ. ಅಡುಗೆಮನೆಯ ಗಾಳಿಯಾಡದ ಡಬ್ಬಿಯೊಂದನ್ನು ಖಾಲಿ ಮಾಡಿಸಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಅದರಲ್ಲಿಡಿ. ಡಬ್ಬಿ ಯಾರದ್ದು ಅಂತ ಮನೆಯಲ್ಲಿ ಮೊದಲೇ ಕೇಳಿಕೊಳ್ಳಿ.